ಫೋನ್ ಅಡುಗೆಮನೆಯಲ್ಲಿ ಮಲಗಿದ ಮೇಲೆ

ರಾತ್ರಿ ಹನ್ನೊಂದು ಇಪ್ಪತ್ತಕ್ಕೆ ಹೆಂಡತಿಯ ಫೋನ್ ಬಂತು. ನಾನು ಕಟ್ ಮಾಡಿದೆ.

ಆಗ ಅವಳಿಗೆ ಏಳು ತಿಂಗಳು. ಸೀಮಂತ ಮುಗಿಸಿಕೊಂಡು ತಿಪಟೂರಿನ ತವರಿಗೆ ಹೋಗಿ ಹತ್ತು ದಿನ ಆಗಿತ್ತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನೊಬ್ಬನೇ. ಲೈಟ್ ಆರಿಸಿ, ಇಯರ್‌ಫೋನ್ ಹಾಕಿಕೊಂಡು, ಹಾಸಿಗೆ ಮೇಲೆ ಮಲಗಿ ಪೋರ್ನ್ ವಿಡಿಯೊ ನೋಡುತ್ತಿದ್ದೆ. ಅದರ ಮೇಲೇ ಅವಳ ಹೆಸರು, ನಮ್ಮ ಮದುವೆಯ ಫೋಟೊ ಮೂಡಿತು. ಬೆರಳು ಯೋಚನೆಯನ್ನೇ ಮಾಡದೆ ಕೆಂಪು ಗುಂಡಿ ಒತ್ತಿತು.

ಬೆಳಿಗ್ಗೆ ಮೆಸೇಜ್ ಹಾಕಿದೆ: 'ನಿದ್ದೆ ಬಂದ್ಬಿಟ್ಟಿತ್ತು ಕಣೇ, ಸಾರಿ.'

ಅವಳ ಉತ್ತರ ಬಂತು: 'ಪರವಾಗಿಲ್ಲ ರೀ. ಪಾಪು ಜೋರಾಗಿ ಒದೀತಿತ್ತು. ಅಮ್ಮನ ಕೈಗೂ ಗೊತ್ತಾಯ್ತು. ನಿಮಗೆ ಹೇಳೋಣ ಅಂತ ಮಾಡಿದ್ದೆ.'

ಮೆಟ್ರೊದಲ್ಲಿ ನಿಂತುಕೊಂಡೇ ಆ ಸಾಲನ್ನು ಐದಾರು ಸಲ ಓದಿದೆ. ವಿಡಿಯೊ ನೋಡಿದ್ದಕ್ಕಿಂತ ಆ ಸುಳ್ಳು ಜಾಸ್ತಿ ಚುಚ್ಚಿತು. ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೆ!

ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಇದನ್ನು ಬರೆಯಬೇಕಾ ಅಂತ ಬಹಳ ದಿನ ಯೋಚಿಸಿದೆ. ಸಿಗರೇಟು ಬಿಟ್ಟವರು, ಸಕ್ಕರೆ ಬಿಟ್ಟವರು ಎಲ್ಲರೂ ತಮ್ಮ ಕತೆ ಹೇಳಿಕೊಳ್ಳುತ್ತಾರೆ. ಈ ಕತೆಯನ್ನು ಮಾತ್ರ ಯಾರೂ ಹೇಳಲ್ಲ. ಹಾಗಾಗಿ ಪ್ರತಿಯೊಬ್ಬನಿಗೂ ತಾನೊಬ್ಬನೇ ಹೀಗೆ ಅನ್ನಿಸುತ್ತದೆ. ನನಗೂ ಹನ್ನೆರಡು ವರ್ಷ ಹಾಗೇ ಅನ್ನಿಸಿತ್ತು.

ಆಣೆ, ಪ್ರಮಾಣ, ಒಂಬತ್ತು ದಿನ

ಶುರುವಾಗಿದ್ದು ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ. ಆಗ ಒಂದು ಹಾರ್ಡ್‌ಡಿಸ್ಕ್ ರೂಮಿನಿಂದ ರೂಮಿಗೆ ತಿರುಗುತ್ತಿತ್ತು. 2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ಲೆಕ್ಕ ಹಾಕುವ ಕೆಲಸವೂ ತಪ್ಪಿತು. 2018ರಲ್ಲಿ ಕೇಂದ್ರ ಸರ್ಕಾರ 827 ತಾಣಗಳನ್ನು ಮುಚ್ಚಿಸಲು ಆದೇಶ ಕೊಟ್ಟಾಗ, 'ಸದ್ಯ, ನಾನು ಬಿಡಬೇಕಾಗಿಲ್ಲ, ಅದೇ ನನ್ನನ್ನು ಬಿಟ್ಟಿತು' ಅಂದುಕೊಂಡೆ. ಅದೇ ವಾರ ಬೇರೆ ದಾರಿ ಹುಡುಕಿಕೊಂಡಿದ್ದೆ.

ಬಿಡಲು ಪ್ರಯತ್ನಪಡಲಿಲ್ಲ ಅಂತಲ್ಲ. ಮನೆದೇವರ ಮೇಲೆ ಆಣೆ ಮಾಡಿದ್ದೆ. ಹೊಸ ವರ್ಷಕ್ಕೆ ಒಂದು ಪ್ರಮಾಣ, ಮದುವೆಯ ಹಿಂದಿನ ದಿನ ಇನ್ನೊಂದು. ಒಂಬತ್ತು ದಿನ, ಹನ್ನೊಂದು ದಿನ, ಹೆಚ್ಚೆಂದರೆ ಹದಿನೆಂಟು ದಿನ. ಆಮೇಲೆ ಒಂದು ರಾತ್ರಿ ಎಲ್ಲವೂ ಮುರಿದು ಬೀಳುತ್ತಿತ್ತು. ಮರುದಿನ ನನ್ನ ಮೇಲೇ ಅಸಹ್ಯ. ಆ ಅಸಹ್ಯ ಮರೆಯಲು ರಾತ್ರಿ ಮತ್ತೆ ಅದೇ ಫೋನ್.

ಮಂಗನನ್ನು ನೆನೆಯದೆ ಮದ್ದು ಕುಡಿ ಅಂತ ನಮ್ಮ ಕಡೆ ಒಂದು ಮಾತಿದೆ. ಹಾಗೆ ಹೇಳಿಸಿಕೊಂಡವನಿಗೆ ಲೋಟ ಎತ್ತಿದಾಗಲೆಲ್ಲ ಮಂಗನೇ ನೆನಪಾಗುತ್ತಾನೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ 'ಈಗ ನೆನೆಯಬಹುದು' ಅಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ತಡೆಹಿಡಿದವರೇ ಕರಡಿಯನ್ನು ಹೆಚ್ಚು ನೆನೆದರು. ನನ್ನ ಆಣೆಗಳೂ ಇಂಥವೇ ಆಗಿದ್ದವು. ಬೆಳಿಗ್ಗೆಯಿಂದ 'ಬೇಡ ಬೇಡ' ಅಂದುಕೊಳ್ಳುತ್ತಾ ಇಡೀ ದಿನ ಅದನ್ನೇ ಧ್ಯಾನಿಸುತ್ತಿದ್ದೆ.

ಇದು ಕಾಯಿಲೆನಾ?

ಆ ಬೆಳಿಗ್ಗೆಯ ಮೆಸೇಜ್ ಆದ ಮೇಲೆ ಮೊದಲು ಹುಡುಕಿದ್ದು ಈ ಪ್ರಶ್ನೆಗೆ ಉತ್ತರ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಲೈಂಗಿಕ ನಡವಳಿಕೆಯ ಮೇಲೆ ಹಿಡಿತವೇ ತಪ್ಪಿಹೋಗುವ ಸ್ಥಿತಿಗೆ ಅದರಲ್ಲಿ ಜಾಗ ಇದೆ. ಆದರೆ ಅದನ್ನು ಮದ್ಯ, ಜೂಜಿನಂಥ ವ್ಯಸನಗಳ ಜೊತೆ ಇಟ್ಟಿಲ್ಲ. ಹಠಾತ್ ಒತ್ತಡವನ್ನು ತಡೆಯಲಾಗದ ತೊಂದರೆಗಳ ಗುಂಪಿಗೆ ಸೇರಿಸಿದ್ದಾರೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿತ ತಪ್ಪಿರಬೇಕು. ಅದರಿಂದ ಮನೆ, ಕೆಲಸ, ಆರೋಗ್ಯ ಹದಗೆಡುತ್ತಿರಬೇಕು ಅಥವಾ ಮನಸ್ಸಿಗೆ ತೀವ್ರ ಯಾತನೆ ಆಗುತ್ತಿರಬೇಕು. ಅದರಲ್ಲೇ ಇನ್ನೊಂದು ಮಾತೂ ಇದೆ: 'ಇದು ಪಾಪ' ಅನ್ನುವ ಸಂಕಟವೊಂದೇ ಇದ್ದರೆ ಅದನ್ನು ಕಾಯಿಲೆ ಅನ್ನಲಾಗದು.

ಇದನ್ನು ಓದಿ ಉಸಿರಾಡಿದೆ. ನೋಡುವವರೆಲ್ಲ ರೋಗಿಗಳಲ್ಲ. ಆಸೆ ಹುಟ್ಟುವುದು ತಪ್ಪೂ ಅಲ್ಲ. ನಾನು ಕೆಲಸಕ್ಕೆ ಚಕ್ಕರ್ ಹೊಡೆದಿರಲಿಲ್ಲ, ದುಡ್ಡು ಕಳೆದಿರಲಿಲ್ಲ. ಕಳೆದುಕೊಂಡಿದ್ದು ನಿದ್ದೆ ಮತ್ತು ಹೆಂಡತಿಯ ಒಂದು ಫೋನ್. ಹಾಗಾದರೆ ಇದನ್ನು ಪಾಪ ಪುಣ್ಯದ ವಿಚಾರ ಅಂತ ಅಲ್ಲ, ಒಂದು ಕೆಟ್ಟ ಅಭ್ಯಾಸ ಅಂತ ನೋಡಿದರೆ ಹೇಗೆ? ಉಗುರು ಕಚ್ಚುವುದನ್ನು ಬಿಡಿಸುವ ಹಾಗೆ?

ಹಾಲಿನ ಲೆಕ್ಕದ ಪುಸ್ತಕ

ಯಾವ ಅಭ್ಯಾಸ ಬಿಡಬೇಕಾದರೂ ಮೊದಲ ಕೆಲಸ ಅದನ್ನು ಗಮನಿಸುವುದು. ಎರಡು ವಾರ ಏನನ್ನೂ ಬಿಡಬಾರದು, ಬರೆದಿಡಬೇಕು ಅಷ್ಟೆ ಅಂತ ತೀರ್ಮಾನಿಸಿದೆ. ಅಡುಗೆಮನೆಯಲ್ಲಿ ಹೆಂಡತಿ ಹಾಲಿನ ಪ್ಯಾಕೆಟ್ ಲೆಕ್ಕ ಬರೆಯುತ್ತಿದ್ದ ಪುಟ್ಟ ಪುಸ್ತಕ ಇತ್ತು. ಅದರ ಹಿಂದಿನ ಹಾಳೆಗಳಲ್ಲಿ ನಾಲ್ಕು ಗೆರೆ ಎಳೆದೆ. ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ, ಮನಸ್ಸು ಹೇಗಿತ್ತು.

ಹದಿನಾಲ್ಕು ದಿನದಲ್ಲಿ ಒಂಬತ್ತು ಸಲ. ಎರಡು ವಾರಾಂತ್ಯ ತಿಪಟೂರಿಗೆ ಹೋಗಿದ್ದೆ, ಆ ನಾಲ್ಕು ದಿನ ಒಂದೂ ಇಲ್ಲ. ಬಿಡಬೇಕು ಅಂತ ಅಲ್ಲಿ ಒದ್ದಾಡಿಯೂ ಇರಲಿಲ್ಲ, ನೆನಪೇ ಆಗಿರಲಿಲ್ಲ. ಒಂಬತ್ತರಲ್ಲಿ ಎಂಟು ಸಲ ಹಾಸಿಗೆ ಮೇಲೆ. ಏಳು ಸಲ ಹನ್ನೊಂದು ಗಂಟೆ ಆದ ಮೇಲೆ. ಆರು ಸಲ ವಿದೇಶದ ಕ್ಲೈಂಟ್ ಜೊತೆ ರಾತ್ರಿ ಮೀಟಿಂಗ್ ಇದ್ದ ದಿನ.

ಕೊನೆಯ ಕಾಲಂ ನೋಡಿ ನಾನೇ ಸುಮ್ಮನಾದೆ. 'ಆಸೆ' ಅಂತ ಬರೆದಿದ್ದು ಎರಡೇ ಸಲ. ಉಳಿದಿದ್ದೆಲ್ಲ 'ಸುಸ್ತು', 'ಬೇಜಾರು', 'ಮ್ಯಾನೇಜರ್ ಮೇಲೆ ಸಿಟ್ಟು', 'ಒಬ್ಬನೇ'. ಇಷ್ಟು ವರ್ಷ ಕಾಮದ ಜೊತೆ ಗುದ್ದಾಡುತ್ತಿದ್ದೇನೆ ಅಂದುಕೊಂಡಿದ್ದೆ. ಪುಸ್ತಕ ಬೇರೆಯೇ ಹೇಳಿತು.

ಇನ್ನೊಂದು ವಿಷಯವೂ ಗೊತ್ತಾಯಿತು. ಅದು ವಿಡಿಯೊದಿಂದ ಶುರುವಾಗುತ್ತಿರಲಿಲ್ಲ. ಅರ್ಧ ಗಂಟೆ ಮುಂಚೆ, ಊಟ ಆದ ಮೇಲೆ 'ಐದು ನಿಮಿಷ' ಅಂತ ರೀಲ್ಸ್ ತೆರೆದಾಗಲೇ ಶುರುವಾಗಿರುತ್ತಿತ್ತು. ಅಲ್ಲಿಂದ ಒಂದೊಂದೇ ಮೆಟ್ಟಿಲು. ಕೊನೆಯ ಮೆಟ್ಟಿಲಲ್ಲಿ ನಿಂತು ತಡೆಯೋದು ಕಷ್ಟ. ಮೊದಲನೇ ಮೆಟ್ಟಿಲು ಹತ್ತದೇ ಇರೋದು ಅಷ್ಟು ಕಷ್ಟ ಅಲ್ಲ.

ಹನ್ನೆರಡು ಹೆಜ್ಜೆ ದೂರ

ಹಾಗಾಗಿ ಮೊದಲು ಬದಲಿಸಿದ್ದು ಚಾರ್ಜರ್‌ನ ಜಾಗ. ಹಾಸಿಗೆ ಪಕ್ಕದ ಪ್ಲಗ್‌ನಿಂದ ಕಿತ್ತು ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಹಾಕಿದೆ. ರಾತ್ರಿ ಹತ್ತೂವರೆಗೆ ಫೋನ್ ಅಲ್ಲಿ ಮಲಗಬೇಕು. ಎಬ್ಬಿಸಲು ಬೇಕು ಅನ್ನುವ ನೆಪ ಬರಬಾರದು ಅಂತ ಹಳೇ ಕಾಲದ ಅಲಾರಂ ಗಡಿಯಾರ ಕೊಂಡುತಂದೆ. 'ಹೆಂಡತಿ ಬಸುರಿ, ರಾತ್ರಿ ಫೋನ್ ಬಂದರೆ?' ಅನ್ನುವುದು ಇನ್ನೊಂದು ನೆಪ. ಸೈಲೆಂಟ್ ತೆಗೆದು ರಿಂಗ್ ಜೋರು ಮಾಡಿಟ್ಟೆ. ನಮ್ಮದು ಒಂದು ರೂಮಿನ ಮನೆ. ಹಾಸಿಗೆಯಿಂದ ಮಿಕ್ಸಿಗೆ ಹನ್ನೆರಡು ಹೆಜ್ಜೆ. ಅವಳ ಫೋನ್ ಬಂದರೆ ಓಡಿ ಹೋಗಿ ಎತ್ತಬಹುದು. ಬೇರೆ ಕೆಲಸಕ್ಕಾದರೆ ಎದ್ದು, ಲೈಟ್ ಹಾಕಿ, ಹನ್ನೆರಡು ಹೆಜ್ಜೆ ನಡೆದು, ಪಾತ್ರೆಗಳ ಮಧ್ಯೆ ನಿಂತು ನೋಡಬೇಕು. ಅಷ್ಟರಲ್ಲಿ 'ನಾನೇನು ಮಾಡ್ತಿದೀನಿ?' ಅಂತ ಒಂದು ಸಲ ಅನ್ನಿಸಿಯೇ ಅನ್ನಿಸುತ್ತದೆ. ಆ ಒಂದು ಸಲ ಸಿಕ್ಕರೆ ಸಾಕು.

ಫೋನ್ ಒಳಗೂ ಒಂದೆರಡು ಬೇಲಿ ಹಾಕಿದೆ. ಆಂಡ್ರಾಯ್ಡ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ ಪ್ರೈವೇಟ್ ಡಿಎನ್‌ಎಸ್ ಅಂತ ಇದೆ. ಅಲ್ಲಿ ಕುಟುಂಬದವರಿಗೆಂದೇ ಇರುವ ಉಚಿತ ಫಿಲ್ಟರ್ ಸೇವೆಯ ವಿಳಾಸ ಹಾಕಿದರೆ ಇಂಥ ತಾಣಗಳು ಬಹುಮಟ್ಟಿಗೆ ತೆರೆಯುವುದಿಲ್ಲ. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಒಳಗೆ ವಯಸ್ಕರ ತಾಣಗಳನ್ನು ತಡೆಯುವ ಆಯ್ಕೆ ಇದೆ. ಹಾಕಿದವನೇ ತೆಗೆಯಬಹುದಲ್ಲ ಅಂತೀರಾ? ಹೌದು. ಇದು ಬೀಗ ಅಲ್ಲ, ಅಗುಳಿ. ತೆಗೆಯುವಷ್ಟು ಹೊತ್ತು ಯೋಚಿಸಲು ಸಮಯ ಕೊಡುತ್ತದೆ.

ಈ ಸೆಟ್ಟಿಂಗ್ ಹೇಳಿಕೊಟ್ಟಿದ್ದು ಹಾಸ್ಟೆಲ್ ಕಾಲದ ಗೆಳೆಯ. 'ಮನೇಲಿ ಮಕ್ಕಳು ಬರ್ತಾರೆ, ಅದಕ್ಕೆ' ಅಂತ ಸುಳ್ಳು ಹೇಳಲು ಹೋದೆ. ಆಮೇಲೆ ಬೇಡ ಅನ್ನಿಸಿ ನಿಜ ಹೇಳಿದೆ. ಅವನು ಟೀ ಲೋಟ ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. 'ನಂದೂ ಹಂಗೇ ಮಗಾ' ಅಂದ. ಹತ್ತು ವರ್ಷದ ಗೆಳೆತನದಲ್ಲಿ ಅಷ್ಟು ಹಗುರಾದ ಟೀ ಇನ್ನೊಂದು ಕುಡಿದಿಲ್ಲ.

ಹೀಗಾದರೆ ಹಾಗೆ

ಒಂದನ್ನು ತೆಗೆದ ಜಾಗದಲ್ಲಿ ಇನ್ನೊಂದನ್ನು ಇಡದಿದ್ದರೆ ಹಳೆಯದೇ ಬಂದು ಕೂರುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರ ಒಂದು ಲೇಖನದಲ್ಲಿ ಸರಳ ಉಪಾಯ ವಿವರಿಸಿದ್ದರು. 'ಇನ್ನು ಮೇಲೆ ಸರಿಯಾಗಿರ್ತೀನಿ' ಅನ್ನುವ ಸಂಕಲ್ಪ ಸಾಲದು. 'ಇಂಥದ್ದು ಆದರೆ ಇಂಥದ್ದು ಮಾಡ್ತೀನಿ' ಅಂತ ಮೊದಲೇ ಗಂಟು ಹಾಕಿಟ್ಟುಕೊಳ್ಳಬೇಕು. ಆ ಗಳಿಗೆ ಬಂದಾಗ ಯೋಚಿಸುವ ಕೆಲಸ ಉಳಿಯುವುದಿಲ್ಲ.

ನಾನು ಎರಡೇ ವಾಕ್ಯ ಬರೆದುಕೊಂಡೆ. 'ರಾತ್ರಿ ಮೀಟಿಂಗ್ ಮುಗಿದರೆ, ಚಪ್ಪಲಿ ಹಾಕಿಕೊಂಡು ಕೆಳಗೆ ಇಳಿಯುತ್ತೇನೆ.' 'ಹಾಸಿಗೆಯಲ್ಲಿ ನಿದ್ದೆ ಬಾರದಿದ್ದರೆ, ಎದ್ದು ಹಾಲಿನಲ್ಲಿ ಕುರ್ಚಿ ಮೇಲೆ ಕೂತು ಪುಸ್ತಕ ಓದುತ್ತೇನೆ.'

ಮೊದಲನೆಯದು ಬಹಳ ಕೆಲಸ ಮಾಡಿತು. ಬೀದಿಯಲ್ಲಿ ಎರಡು ಸುತ್ತು ಹಾಕುತ್ತಾ ತಿಪಟೂರಿಗೆ ಫೋನ್ ಮಾಡುತ್ತಿದ್ದೆ. ಕ್ಲೈಂಟ್ ಬೈದಿದ್ದನ್ನು ಹೇಳುತ್ತಿದ್ದೆ, ಅವಳು ಕಾಲು ಊದಿಕೊಂಡಿದ್ದನ್ನು ಹೇಳುತ್ತಿದ್ದಳು. ಮನೆಗೆ ಬಂದು ಫೋನ್ ಮಿಕ್ಸಿ ಪಕ್ಕ ಇಟ್ಟರೆ ಹತ್ತೂವರೆ. ಪೋರ್ನ್‌ನಿಂದ ನನಗೆ ಬೇಕಾಗಿದ್ದು ದಿನದ ಭಾರ ಇಳಿಸುವುದಾಗಿತ್ತು. ಅದು ಇಲ್ಲಿ ಇನ್ನೂ ಚೆನ್ನಾಗಿ ಇಳಿಯಿತು.

ಆದರೂ ಒತ್ತಡ ಬರುತ್ತಿತ್ತು. ಅಂಥ ಹೊತ್ತಿಗೆ ಸಹಾಯಕ್ಕೆ ಬಂದಿದ್ದು ಅಮೆರಿಕದ ವ್ಯಸನ ತಜ್ಞ ಅಲನ್ ಮಾರ್ಲಾಟ್ ಹೇಳಿಕೊಡುತ್ತಿದ್ದ ವಿಧಾನ. ಚಟದ ಒತ್ತಡ ಸಮುದ್ರದ ಅಲೆಯ ಹಾಗೆ, ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದಕ್ಕೆ ಎದುರು ನಿಂತು ತಳ್ಳಬಾರದು, ಅದರ ಕೆಳಗೆ ಮುಳುಗಲೂಬಾರದು. ಎದೆ ಬಡಿತ, ಉಸಿರು, ಬೆಚ್ಚಗಾಗುವ ಕಿವಿ ಎಲ್ಲವನ್ನೂ ಗಮನಿಸುತ್ತಾ ತೇಲಬೇಕು. ನಾನು ಅಲಾರಂ ಗಡಿಯಾರ ನೋಡಿಕೊಂಡು ಕೂತೆ. ಮೊದಲ ಸಲ ಹದಿನೇಳು ನಿಮಿಷ ಹಿಡಿಯಿತು, ಒಂದು ತಿಂಗಳ ನಂತರ ಆರು. 'ನೋಡದೇ ಇದ್ದರೆ ಇದು ಏರುತ್ತಲೇ ಹೋಗುತ್ತದೆ' ಅಂತ ಹನ್ನೆರಡು ವರ್ಷ ನಂಬಿದ್ದೆ. ಒಂದು ಸಲವೂ ಕಾದು ನೋಡಿರಲಿಲ್ಲ.

ಇಪ್ಪತ್ಮೂರನೇ ದಿನ

ಇಪ್ಪತ್ತೆರಡು ದಿನ ಚೆನ್ನಾಗಿ ನಡೆಯಿತು. ಇಪ್ಪತ್ಮೂರನೇ ರಾತ್ರಿ ಆಫೀಸ್‌ನಲ್ಲಿ ರಿಲೀಸ್. ಕೆಲಸ ಮುಗಿದಾಗ ಒಂದೂವರೆ. ಬೀದಿಯಲ್ಲಿ ನಡೆಯುವ ಹೊತ್ತಲ್ಲ. ಫೋನ್ ಅಡುಗೆಮನೆಯಲ್ಲೇ ಇತ್ತು. ಆದರೆ ನನ್ನ ಸ್ವಂತ ಲ್ಯಾಪ್‌ಟಾಪ್ ಹಾಸಿಗೆ ಪಕ್ಕದ ಮೇಜಿನ ಮೇಲಿತ್ತು. ಬಿದ್ದೆ.

ಹಿಂದೆಲ್ಲಾ ಇಂಥ ಬೆಳಿಗ್ಗೆ 'ಎಲ್ಲಾ ಮುಗೀತು' ಅಂದುಕೊಂಡು ವಾರಗಟ್ಟಲೆ ಜಾರುತ್ತಿದ್ದೆ. ಒಂದು ಸಲ ತಪ್ಪಿದ್ದಕ್ಕೆ 'ನಾನೇ ಸರಿ ಇಲ್ಲ' ಅಂದುಕೊಂಡು ಪೂರ್ತಿ ಕೈಬಿಡುವ ಈ ಗುಣದ ಬಗ್ಗೆಯೂ ಮಾರ್ಲಾಟ್ ಬರೆದಿದ್ದಾರೆ. ಎಡವಿದ್ದಕ್ಕಿಂತ ಎಡವಿದ ಮೇಲಿನ ಆ ಯೋಚನೆಯೇ ಹೆಚ್ಚು ಹಾಳು ಮಾಡುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ತಂಡ 96 ಜನರ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಹೊರಬಂತು. ನೀರು ಕುಡಿಯುವುದು, ನಡೆಯುವುದು ಇಂಥ ಹೊಸ ಅಭ್ಯಾಸಗಳು ಮೈಗೂಡಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ ಅಂದಾಜು. '21 ದಿನದಲ್ಲಿ ಬದಲಾಗಿ' ಅನ್ನುವ ಪೋಸ್ಟರ್ ಮಾತು ಎಲ್ಲರಿಗೂ ಹೊಂದುವುದಿಲ್ಲ. ಮುಖ್ಯವಾದ ಮಾತು ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಪುಸ್ತಕದಲ್ಲಿ 'ಸೊನ್ನೆ' ಅಂತ ಬರೆಯಲಿಲ್ಲ. '23ಕ್ಕೆ 22' ಅಂತ ಬರೆದೆ. ಪರೀಕ್ಷೆಯಲ್ಲಾದರೆ ಡಿಸ್ಟಿಂಕ್ಷನ್! ಆಮೇಲೆ ಲ್ಯಾಪ್‌ಟಾಪ್ ಮೇಜನ್ನು ಎತ್ತಿ ಹಾಲಿಗೆ ತಂದಿಟ್ಟೆ.

ತಿಪಟೂರಿನ ಜಗಲಿಯಲ್ಲಿ

ಅದೇ ಶನಿವಾರ ತಿಪಟೂರಿನಲ್ಲಿದ್ದೆ. ರಾತ್ರಿ ಊಟ ಆಗಿತ್ತು. ಅತ್ತೆ ಮಾವ ಒಳಗೆ ಟಿವಿ ನೋಡುತ್ತಿದ್ದರು. ನಾವಿಬ್ಬರೂ ಜಗಲಿ ಮೇಲೆ ಕೂತಿದ್ದೆವು.

'ಒಂದು ಕೇಳ್ತೀನಿ, ನಿಜ ಹೇಳ್ತೀರಾ?' ಅಂದಳು. 'ಅವತ್ತು ರಾತ್ರಿ ನೀವು ಮಲಗಿರಲಿಲ್ಲ ಅಲ್ವಾ?'

ನನಗೆ ಮಾತೇ ಹೊರಡಲಿಲ್ಲ.

'ನಿದ್ದೆ ಬರದೆ ಒಂದು ಗಂಟೆಗೆ ಎದ್ದು ನೋಡಿದೆ. ವಾಟ್ಸ್ಆ್ಯಪ್‌ನಲ್ಲಿ ಲಾಸ್ಟ್ ಸೀನ್ ಹನ್ನೆರಡು ಐವತ್ತು ಅಂತ ತೋರಿಸ್ತಿತ್ತು. ಇನ್ಯಾರೋ ಇದಾರೆ ಅಂದ್ಕೊಂಡೆ ಕಣ್ರೀ. ಎಷ್ಟು ರಾತ್ರಿ ಅತ್ತಿದೀನಿ ಗೊತ್ತಾ? ಅಮ್ಮನಿಗೆ ಹೇಳೋ ಹಾಗೂ ಇಲ್ಲ.'

ನನ್ನ ಚಟದಿಂದ ಯಾರಿಗೇನು ನಷ್ಟ, ಒಬ್ಬನೇ ನೋಡ್ತೀನಿ, ಒಬ್ಬನೇ ಮಲಗ್ತೀನಿ ಅಂತ ಇಷ್ಟು ವರ್ಷ ವಾದ ಮಾಡಿಕೊಂಡಿದ್ದೆ. ತುಂಬಿದ ಬಸುರಿ ಅಷ್ಟು ರಾತ್ರಿ ಒಬ್ಬಳೇ ಅತ್ತಿದ್ದು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಎಲ್ಲಾ ಹೇಳಿದೆ. ಹಾಸ್ಟೆಲ್‌ನಿಂದ ಹಿಡಿದು ಮಿಕ್ಸಿಯವರೆಗೆ. ಇಪ್ಪತ್ಮೂರನೇ ದಿನದ್ದನ್ನೂ ಬಿಡಲಿಲ್ಲ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬಹಳ ಹೊತ್ತಾದ ಮೇಲೆ, 'ನನ್ನಲ್ಲಿ ಏನಾದರೂ ಕಮ್ಮಿ ಇದೆ ಅಂತ ನೋಡ್ತಿದ್ರಾ?' ಅಂದಳು. ಇಲ್ಲ ಅಂದೆ, ಪುಸ್ತಕದ ನಾಲ್ಕನೇ ಕಾಲಂ ವಿಷಯ ಹೇಳಿದೆ. ಅವಳು ಪೂರ್ತಿ ನಂಬಿದಳು ಅಂತ ಹೇಳಲಾರೆ. ಒಳಗೆ ಹೋಗುವ ಮುಂಚೆ ಇಷ್ಟು ಹೇಳಿದಳು: 'ನಾನು ನಿಮ್ಮ ವಾರ್ಡನ್ ಆಗಲ್ಲ. ಫೋನ್ ಚೆಕ್ ಮಾಡಲ್ಲ. ಆದರೆ ಇನ್ನೊಂದು ಸಲ ನಿದ್ದೆ ಬಂದಿತ್ತು ಅಂತ ಸುಳ್ಳು ಹೇಳಬೇಡಿ.'

ಆ ರಾತ್ರಿ ಆಣೆ ಮಾಡಲಿಲ್ಲ. 'ಹೇಳಲ್ಲ' ಅಂದೆ ಅಷ್ಟೆ.

ಒಬ್ಬರಿಂದಲೇ ಆಗದಿದ್ದರೆ

ನನಗೆ ಹಿಡಿಸಿದ್ದು ಎಲ್ಲರಿಗೂ ಸಾಕಾಗಬೇಕಿಲ್ಲ. ನೋಡುವುದಕ್ಕಾಗಿ ಕೆಲಸ ತಪ್ಪುತ್ತಿದ್ದರೆ, ಸಾಲ ಮಾಡಿ ದುಡ್ಡು ಸುರಿಯುತ್ತಿದ್ದರೆ, ಆಫೀಸ್‌ನಲ್ಲೂ ತಡೆಯಲಾಗದಿದ್ದರೆ, ಜೊತೆಗೆ ಖಿನ್ನತೆ ಇದ್ದರೆ ಅಥವಾ ಬದುಕೇ ಬೇಡ ಅನ್ನಿಸಿದರೆ ಚಾರ್ಜರ್ ಜಾಗ ಬದಲಿಸುತ್ತಾ ಕೂರಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಬಳಕೆ ಕೈಮೀರಿದವರಿಗೆಂದೇ 2014ರಲ್ಲಿ ಆರಂಭವಾದ ಶಟ್ ಕ್ಲಿನಿಕ್ ಇದೆ. ಅಲ್ಲಿನವರಿಗೆ ನಿಮ್ಮ ಸಮಸ್ಯೆ ಹೊಸದಲ್ಲ, ಮುಜುಗರ ಬೇಡ.

ಈಗ ನಮ್ಮ ಮಗಳಿಗೆ ಏಳು ತಿಂಗಳು. ಜಗಲಿಯ ಆ ರಾತ್ರಿ ಆದ ಮೇಲೂ ನಾಲ್ಕು ಸಲ ಎಡವಿದ್ದೇನೆ, ಕೊನೆಯದು ಮೂರು ತಿಂಗಳ ಹಿಂದೆ. ನಾಲ್ಕನ್ನೂ ಅವಳಿಗೆ ಹೇಳಿದ್ದೇನೆ. ಒಂದು ಸಲ ಎರಡು ದಿನ ಮಾತು ಬಿಟ್ಟಿದ್ದಳು. ಅದೂ ನ್ಯಾಯವೇ.

ಫೋನ್ ಈಗಲೂ ಮಿಕ್ಸಿ ಪಕ್ಕದಲ್ಲೇ ಮಲಗುತ್ತದೆ, ಈಗ ಎರಡು ಫೋನ್. ರಾತ್ರಿ ಮಗು ಎದ್ದರೆ ನಾನೂ ಏಳುತ್ತೇನೆ. ಹಾಲು ಕುಡಿದ ಹೊತ್ತನ್ನು ಹೆಂಡತಿ ಅದೇ ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತಾಳೆ. ಮೊನ್ನೆ ಹಾಳೆ ತಿರುವುವಾಗ ನನ್ನ ನಾಲ್ಕು ಗೆರೆಯ ಪುಟಗಳು ಕಂಡವು.

'ಹರಿದು ಹಾಕಿಬಿಡಲಾ?' ಅಂದೆ.

'ಇರಲಿ ಬಿಡಿ,' ಅಂದಳು, 'ಲೆಕ್ಕ ಲೆಕ್ಕವೇ.'